ಹತ್ತೊಂಬತ್ತಕ್ಕೇ ಹುಡುಗನ ಕತೆ ಮುಗಿಯಿತಾ? ಕ್ಯಾಚರ್‌ಗಳನ್ನು ಹೋಲಿಸುವುದು ಹೇಗೆ ಹೇಳಿ

ತೋಟದಮನೆ (ಶಿರಸಿ ಹತ್ತಿರ):

ಇಲ್ಲಿ ಬೇಸ್‌ಬಾಲ್ ನೋಡುವವರು ಎಷ್ಟು ಜನ ಇದ್ದೀರೋ. ಇದ್ದರೆ ನಮ್ಮನೆ ಜಗಳ ಒಂದನ್ನು ಬಿಡಿಸಿಕೊಡಿ.

ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ರಾತ್ರಿ ಪಾಳಿ ಮಾಡಿದವನು. ಅಮೆರಿಕದ ಕಂಪನಿಯ ಕೆಲಸ. ಆ ಕಡೆಯವರು ಫೋನಿನಲ್ಲಿ ಮಾತಾಡ್ತಾ ಮಾತಾಡ್ತಾ ಈ ಆಟದ ಹುಚ್ಚು ಹಿಡಿಸಿದರು. ಅಪ್ಪನಿಗೆ ತೋಟ ಸುತ್ತಲು ಆಗದೆ ಹೋದಾಗ ಊರಿಗೆ ವಾಪಸು ಬಂದೆ. ಕೆಲಸ ಬಿಟ್ಟಿತು, ಹುಚ್ಚು ಬಿಡಲಿಲ್ಲ. ಅದೂ ದೊಡ್ಡ ಲೀಗ್‌ಗಿಂತ ಮೈನರ್ ಲೀಗ್ ಮೇಲೆಯೇ ನನಗೆ ಆಸೆ ಜಾಸ್ತಿ. ದೊಡ್ಡ ತಂಡಗಳು ಹುಡುಗರನ್ನು ಬೆಳೆಸುವ ಮೆಟ್ಟಿಲು ಅದು: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಇಂಡಿಯಾನಾದಲ್ಲಿ ಸಂಜೆ ಏಳಕ್ಕೆ ಪಂದ್ಯ ಶುರುವಾದರೆ ನಮಗೆ ಬೆಳಗಿನ ನಾಲ್ಕೂವರೆ. ಹೇಗೂ ಹಾಲು ಕರೆಯಲು ಏಳಬೇಕು. ಮೊಬೈಲನ್ನು ಕೊಟ್ಟಿಗೆಯ ಕಿಟಕಿಗೆ ಒರಗಿಸಿಟ್ಟರೆ ಆಯಿತು. ಆಷಾಢದಲ್ಲಿ ಮಾತ್ರ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಸ್ಕೋರು ಮಧ್ಯಾಹ್ನ ಪೇಟೆಗೆ ಹೋದಾಗಲೇ.

ಈಗ ಜಗಳದ ವಿಷಯ. ಕ್ಯಾಚರ್ ಅಂದರೆ ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ, ಆದರೆ ಕೆಲಸ ಅದಕ್ಕಿಂತ ಜಾಸ್ತಿ. ಒಂದೇ ಕೈಗೆ ದಪ್ಪ ಗ್ಲೌಸ್. ಪಂದ್ಯ ಪೂರ್ತಿ ಕುಕ್ಕರಗಾಲಿನಲ್ಲಿ ಕೂರಬೇಕು. ಯಾವ ಬಾಲ್ ಎಸೆಯಬೇಕು ಅಂತ ಪಿಚರ್‌ಗೆ ಸನ್ನೆ ಮಾಡುವವನೂ ಅವನೇ. ಎದುರಾಳಿ ಎರಡನೇ ಬೇಸ್ ಕದಿಯಲು, ಅಂದರೆ ಬ್ಯಾಟರ್ ಹೊಡೆಯುವುದನ್ನು ಕಾಯದೆ ಮುಂದಿನ ಬೇಸ್ ಮುಟ್ಟಲು ಓಡಿದರೆ, ಬಾಲ್ ಗ್ಲೌಸಿಗೆ ಬಡಿದಲ್ಲಿಂದ 127 ಅಡಿ ಆಚೆಯ ಕೈಗೆ ಮುಟ್ಟಲು ಹೆಚ್ಚೂಕಡಿಮೆ ಎರಡು ಸೆಕೆಂಡ್ ಮಾತ್ರ. ಅದಕ್ಕೆ ಪಾಪ್ ಟೈಮ್ ಅಂತಾರೆ. ಇಷ್ಟೆಲ್ಲ ಮಾಡಿ ಬ್ಯಾಟಿಂಗೂ ಮಾಡಬೇಕು.

ನನ್ನ ಮೆಚ್ಚಿನ ಹುಡುಗ ಈಥನ್ ಸಲಾಸ್. ವೆನೆಜುವೆಲಾದಲ್ಲಿ ಬೆಳೆದವನು. 2023ರ ಜನವರಿಯಲ್ಲಿ, ಇನ್ನೂ 16 ವರ್ಷ, ಸ್ಯಾನ್ ಡಿಯಾಗೋ ಪಾಡ್ರೆಸ್ 56 ಲಕ್ಷ ಡಾಲರ್ ಕೊಟ್ಟು ಸೇರಿಸಿಕೊಂಡಿತು. ಅದೇ ವರ್ಷ ಸಿಂಗಲ್-ಎ, ಹೈ-ಎ ದಾಟಿಸಿ ಡಬಲ್-ಎಗೆ ಹತ್ತಿಸಿಬಿಟ್ಟರು. 17ಕ್ಕೆ! 2024ರಲ್ಲಿ ವಾಪಸು ಹೈ-ಎಗೆ, ಇಂಡಿಯಾನಾದ ಫೋರ್ಟ್ ವೇನ್ ತಂಡಕ್ಕೆ. ಅಲ್ಲಿ ಬ್ಯಾಟಿಂಗ್ ಸರಾಸರಿ .206. ಅಂದರೆ ಐದು ಸಲ ಬ್ಯಾಟಿಂಗಿಗೆ ನಿಂತರೆ ಒಂದು ಹಿಟ್. 2025ರಲ್ಲಿ ಬೆನ್ನು ನೋವು, 10 ಪಂದ್ಯಕ್ಕೇ ವರ್ಷ ಮುಗಿಯಿತು.

ಭಾವನ ಮೆಚ್ಚಿನವನು ಡ್ರೇಕ್ ಬಾಲ್ಡ್‌ವಿನ್. ಕಾಲೇಜಿನಲ್ಲಿ ಆಡಿ, ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸುವ 2022ರ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಅಟ್ಲಾಂಟಾ ತಂಡಕ್ಕೆ ಬಂದವನು. ಸದ್ದಿಲ್ಲದೆ ಒಂದೊಂದೇ ಮೆಟ್ಟಿಲು ಹತ್ತಿದ. 2025ರಲ್ಲಿ ತಂಡದ ಖಾಯಂ ಕ್ಯಾಚರ್ ಗಾಯಗೊಂಡಾಗ ಮೊದಲ ದಿನವೇ ಆಡಿದ, ವರ್ಷದ ಕೊನೆಗೆ ನ್ಯಾಷನಲ್ ಲೀಗಿನ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಹೊಡೆದ.

ಈಗ ನಮ್ಮಲ್ಲಿ ಅಡಿಕೆ ಸುಲಿಯುವ ಕಾಲ. ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಇದೇ ಮಾತು. ಭಾವ ಹೇಳುವುದು, "ನಿನ್ನ ಸಲಾಸ್ ಠುಸ್ ಪಟಾಕಿ. ಬಾಲ್ಡ್‌ವಿನ್ ನೋಡು." ನಾನು ಹೇಳುವುದು, ಇಬ್ಬರನ್ನೂ ಹಾಗೆ ಪಕ್ಕಪಕ್ಕ ಇಟ್ಟು ತೂಗಲು ಬರುವುದಿಲ್ಲ. ಯಾರದು ಸರಿ? ಕ್ಯಾಚರ್ ಒಬ್ಬ ಆಗುತ್ತಾನೋ ಇಲ್ಲವೋ ಅಂತ ಎಷ್ಟನೇ ವಯಸ್ಸಿಗೆ ಹೇಳಬಹುದು?

ಹಳೇ ಕೀಪರ್ (ಕಾರವಾರ):

ಬೇಸ್‌ಬಾಲ್ ನನಗೆ ಅ ಆ ಇ ಈಯೂ ಬರುವುದಿಲ್ಲ. ಆದರೆ ಮಾಲಾದೇವಿ ಮೈದಾನದಲ್ಲಿ ಮ್ಯಾಟಿಂಗ್ ಮೇಲೆ ಹದಿನಾಲ್ಕು ವರ್ಷ ಕೀಪಿಂಗ್ ಮಾಡಿದ್ದೇನೆ. ಬಲಗೈ ಕಿರುಬೆರಳು ಇವತ್ತಿಗೂ ನೆಟ್ಟಗಾಗುವುದಿಲ್ಲ, ಟೀ ಕಪ್ ಹಿಡಿದರೆ ಸಾಹೇಬರ ಹಾಗೆ ಆಚೆ ನಿಲ್ಲುತ್ತದೆ. ಹಾಗಾಗಿ ಮಾತಾಡುವ ಹಕ್ಕು ಸ್ವಲ್ಪ ಇದೆ ಅಂದುಕೊಳ್ಳುತ್ತೇನೆ.

ನಿಮ್ಮ ಇಬ್ಬರು ಹುಡುಗರ ಕತೆ ನಮ್ಮಲ್ಲೇ ನಡೆದಿದೆ. ಬುಧಿ ಕುಂದರನ್, ಮೂಲ್ಕಿಯವರು, ನಮ್ಮದೇ ಕಡಲ ಸಾಲು. 1960ರಲ್ಲಿ ಟೆಸ್ಟ್ ಆಡಿದಾಗ ಅವರು ಒಂದೂ ರಣಜಿ ಪಂದ್ಯ ಆಡಿರಲಿಲ್ಲ! ಆಮೇಲೆ ಮೊದಲ ರಣಜಿ ಪಂದ್ಯದಲ್ಲಿ ದ್ವಿಶತಕ. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಮೇಲೆ 192. ಅಷ್ಟೆಲ್ಲ ಇದ್ದೂ ಒಟ್ಟು ಆಡಿದ್ದು 18 ಟೆಸ್ಟ್. ಇನ್ನೊಂದು ಕಡೆ ಕಿರ್ಮಾನಿ. 1971ರಲ್ಲೇ ತಂಡದ ಜೊತೆ ಇಂಗ್ಲೆಂಡಿಗೆ ಹೋದರು. ಫಾರೂಖ್ ಇಂಜಿನಿಯರ್ ಇದ್ದರಲ್ಲ, ಇವರ ಸರದಿ ಬರಲು 1976 ಆಯಿತು. ಐದು ವರ್ಷ! ಆಮೇಲೆ 88 ಟೆಸ್ಟ್, 198 ಬಲಿ. 1979ರಲ್ಲಿ ಮುಂಬಯಿಯಲ್ಲಿ ನೈಟ್‌ವಾಚ್‌ಮನ್ ಅಂತ ಕಳಿಸಿದರೆ ಆಸ್ಟ್ರೇಲಿಯಾ ಮೇಲೆ ಶತಕ ಹೊಡೆದು ಬಂದರು. ಬ್ಯಾಟಿಂಗ್ ಕೊನೆಗೆ ಬರುತ್ತದೆ, ತಾನಾಗಿ ಬರುತ್ತದೆ ಅನ್ನುವುದಕ್ಕೆ ಹೇಳಿದೆ.

ಕೀಪರ್ ಹುಡುಗನನ್ನು ನೋಡುವಾಗ ನಾನು ರನ್ ನೋಡುವುದೇ ಇಲ್ಲ. ಕಾಲು ನೋಡುತ್ತೇನೆ. ಸ್ಪಿನ್ನರ್ ಬಾಲ್ ಮ್ಯಾಟಿನ ಮೇಲೆ ಬಿದ್ದು ಏಳುವಾಗ ಇವನೂ ಅದರ ಜೊತೆಗೇ ಏಳುತ್ತಾನಾ, ಅಥವಾ ಮೊದಲೇ ಎದ್ದು ನಿಂತು ಆಮೇಲೆ ಕೈ ಕೆಳಗೆ ಹಾಕುತ್ತಾನಾ? ಮೊದಲೇ ಏಳುವವನಿಗೆ ಬಾಲ್ ಹೆದರಿಕೆ. ಅದು ಹೋಗಲು ವರ್ಷಗಟ್ಟಲೆ ಬೇಕು. ಜೊತೆಗೆ ಏಳುವ ಹುಡುಗ ಸಿಕ್ಕಿದರೆ ಬ್ಯಾಟಿಂಗ್ ಕಲಿಸಬಹುದು, ಬಿಡಿ.

ಒಂದು ಮಾತು ಕೇಳಲಾ? ಇದು ಬರೀ ವೆನೆಜುವೆಲಾದ ಹುಡುಗನ ಜಗಳವಾ? ನಿಮ್ಮ ಭಾವನಿಗೆ ಇಷ್ಟು ಸಿಟ್ಟು ಯಾಕೆ?

ಕುಮಟೆಯವ (ಈಗ ಇಂಡಿಯಾನಾ):

ಅರೆ, ಫೋರ್ಟ್ ವೇನ್ ನಮ್ಮ ಮನೆಯಿಂದ ಎರಡು ತಾಸು! ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಿರುತ್ತೇವೆ. ಟಿನ್‌ಕ್ಯಾಪ್ಸ್ ಅಂತ ತಂಡದ ಹೆಸರು. ಪಾತ್ರೆಯನ್ನು ತಲೆಗೆ ಟೋಪಿ ಮಾಡಿಕೊಂಡಿದ್ದ ಅಂತ ಹೇಳುವ, ಊರೂರು ತಿರುಗಿ ಸೇಬಿನ ಗಿಡ ಬೆಳೆಸಿದ ಜಾನಿ ಆಪಲ್‌ಸೀಡ್ ನೆನಪಿಗೆ.

ತೋಟದಮನೆಯವರೇ, ನಿಮ್ಮದೇ ಸರಿ, ಆದರೆ ಕಾರಣ ಪೂರ್ತಿ ಹೇಳಲಿಲ್ಲ. ಬಾಲ್ಡ್‌ವಿನ್ ಹುಟ್ಟಿದ್ದು 2001ರ ಮಾರ್ಚ್, ಸಲಾಸ್ 2006ರ ಜೂನ್. ಐದು ವರ್ಷದ ಅಂತರ. ಸಲಾಸ್ .206 ಹೊಡೆದ ವರ್ಷ ಅವನಿಗೆ 18. ಎದುರಿಗೆ ಎಸೆಯುತ್ತಿದ್ದವರು ಹೆಚ್ಚಿನವರು ಕಾಲೇಜು ಮುಗಿಸಿ ಬಂದವರು. ಬಾಲ್ಡ್‌ವಿನ್ 18ಕ್ಕೆ ಕಾಲೇಜಿನ ಮೊದಲ ವರ್ಷದಲ್ಲಿದ್ದ. ಹೋಲಿಸುವುದಾದರೆ ಅವನ ಆ ವರ್ಷದ ಜೊತೆ ಹೋಲಿಸಿ.

ಇನ್ನೊಂದು. ಬ್ಯಾಟಿಂಗ್ ಬೇಗ ಬೇಕು ಅನಿಸಿದರೆ ಇಲ್ಲಿ ಹುಡುಗನ ಕೈಯಿಂದ ಗ್ಲೌಸನ್ನೇ ತೆಗೆಸಿಬಿಡುತ್ತಾರೆ. ಬ್ರೈಸ್ ಹಾರ್ಪರ್ ಕಾಲೇಜಿನಲ್ಲಿ ಕ್ಯಾಚರ್. 2010ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆರಿಸಿದ ಕೂಡಲೇ ಔಟ್‌ಫೀಲ್ಡಿಗೆ ಕಳಿಸಿದರು. 19ಕ್ಕೆ ದೊಡ್ಡ ಲೀಗ್‌ನಲ್ಲಿದ್ದ. ಕೆನ್ಲಿ ಜಾನ್ಸೆನ್ ಕತೆ ಇನ್ನೂ ಮಜಾ. ಮೈನರ್ ಲೀಗ್‌ನಲ್ಲಿ ಕ್ಯಾಚರ್, ಬ್ಯಾಟ್ ಆಡುತ್ತಿರಲಿಲ್ಲ, ಎಸೆತ ಮಾತ್ರ ಗುಂಡು. 2009ರಲ್ಲಿ ಪಿಚರ್ ಮಾಡಿದರು. ಇವತ್ತು ಪಂದ್ಯ ಮುಗಿಸುವ ಪಿಚರ್‌ಗಳಲ್ಲಿ ದೊಡ್ಡ ಹೆಸರು ಅವನದು. ಹಾಗಿರುವಾಗ ಸಲಾಸ್‌ನನ್ನು ಕ್ಯಾಚರ್ ಆಗಿಯೇ ಉಳಿಸಿಕೊಂಡಿದ್ದಾರೆ ಅಂದರೆ ಗ್ಲೌಸಿನ ಕೆಲಸದ ಮೇಲೆ ನಂಬಿಕೆ ಇದೆ ಅಂತಲೇ.

ಮೈದಾನಕ್ಕೆ ಬೇಗ ಹೋದರೆ ಯಾಕೆ ತಡ ಅಂತ ಕಣ್ಣಿಗೇ ಕಾಣುತ್ತದೆ. ಬೇರೆ ಹುಡುಗರು ಬ್ಯಾಟ್ ಹಿಡಿದು ಒಂದಾದ ಮೇಲೊಂದು ಹೊಡೆಯುತ್ತಾ ಇರುತ್ತಾರೆ. ಕ್ಯಾಚರ್ ಮೂಲೆಯಲ್ಲಿ ಮಂಡಿ ಊರಿ, ನೆಲಕ್ಕೆ ಬಡಿಯುವ ಬಾಲನ್ನು ಎದೆಯಲ್ಲಿ ತಡೆಯುತ್ತಾ ಇರುತ್ತಾನೆ. ಧಪ್, ಧಪ್, ಅಷ್ಟೇ ಸದ್ದು. ನನ್ನ ಮಗಳು ಒಮ್ಮೆ ಕೇಳಿದಳು, "ಅಪ್ಪಾ, ಅವನಿಗೆ ಶಿಕ್ಷೆ ಕೊಟ್ಟಿದ್ದಾರಾ?"

ಜೊತೆಗೆ 2026ರಿಂದ ದೊಡ್ಡ ಲೀಗ್‌ನಲ್ಲಿ, ಎಸೆತ ಸರಿಯಾದ ಜಾಗಕ್ಕೆ ಬಂತೋ ಇಲ್ಲವೋ ಅನ್ನುವ ಅಂಪೈರ್ ತೀರ್ಪನ್ನು ಯಂತ್ರಕ್ಕೆ ಕೇಳುವ ಅವಕಾಶ ಇದೆ. ತಂಡಕ್ಕೆ ಎರಡು ಸಲ. ಪಿಚರ್, ಬ್ಯಾಟರ್, ಕ್ಯಾಚರ್, ಈ ಮೂವರು ಮಾತ್ರ ಕೇಳಬಹುದು. ಅಂಚಿಗೆ ಬಂದ ಬಾಲನ್ನು ಮೆಲ್ಲಗೆ ಒಳಗೆಳೆದು ಅಂಪೈರ್ ಕಣ್ಣಿಗೆ ಸ್ಟ್ರೈಕ್ (ಸರಿಯಾದ ಜಾಗಕ್ಕೆ ಬಂದ ಎಸೆತ) ಮಾಡಿ ತೋರಿಸುವ ಫ್ರೇಮಿಂಗ್ ಕಲೆಗೆ ಬೆಲೆ ಸ್ವಲ್ಪ ಇಳಿಯಬಹುದು ಅಂತ ನನಗನಿಸುತ್ತದೆ. ಆದರೆ ಯಾವಾಗ ಕೇಳಬೇಕು ಅನ್ನುವ ಕಣ್ಣೂ ಕ್ಯಾಚರ್‌ಗೇ ಬೇಕಲ್ಲ. ಡಿಆರ್‌ಎಸ್‌ಗೆ ಧೋನಿ ಮುಖ ನೋಡುತ್ತಿದ್ದ ಹಾಗೆ.

ಶರಾವತಿ ದಂಡೆ (ಹೊನ್ನಾವರ):

ಎಲ್ಲರೂ ಸಲಾಸ್ ಕಡೆಯೇ ಆದಿರಿ, ನಾನು ಭಾವನ ಕಡೆ. .206 ಬಿಡಿ, ಅದಕ್ಕೆ ವಯಸ್ಸು ಕಾರಣ, ಒಪ್ಪಿದೆ. ಬೆನ್ನು? ದಿನಾ ಕುಕ್ಕರಗಾಲಿನಲ್ಲಿ ಕೂರುವ ಕೆಲಸಕ್ಕೆ 19ಕ್ಕೇ ಬೆನ್ನು ನೋವು ಬಂದರೆ ಅದು ಬೇರೆಯೇ ಲೆಕ್ಕ. ಮಿಲ್ವಾಕಿಯ ಜೆಫರ್ಸನ್ ಕೆರೋ ನೋಡಿ. ಒಳ್ಳೇ ಕ್ಯಾಚರ್. 2024ರಲ್ಲಿ ಟ್ರಿಪಲ್-ಎ ಮೊದಲ ಪಂದ್ಯದಲ್ಲೇ ಬೇಸ್‌ಗೆ ವಾಪಸು ಜಿಗಿಯಲು ಹೋಗಿ ಭುಜ ಹರಿದುಕೊಂಡ. ವರ್ಷವೇ ಹೋಯಿತು. ಕ್ಯಾಚರ್‌ಗಳನ್ನು ಹೋಲಿಸುವಾಗ ನಾನು ಮೊದಲು ಕೇಳುವುದು ಒಂದೇ: ಎಷ್ಟು ಪಂದ್ಯ ಆಡಿದ? ಬಾಲ್ಡ್‌ವಿನ್ ಆಡಿದ. ಮುಗಿಯಿತು.

ತೋಟದಮನೆ:

ಹೊನ್ನಾವರದವರ ಮಾತು ಚುಚ್ಚಿತು, ಯಾಕೆಂದರೆ ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕಾರವಾರದವರು ಸರಿಯಾಗಿಯೇ ಹಿಡಿದಿರಿ. ಕೀಪರ್ ಕಣ್ಣು! ಅಕ್ಕನ ಮಗ ಕೀಪರ್, 14 ವರ್ಷ. ಈ ಸಲ ಅವನ ಶಾಲೆಯ ತಂಡದಿಂದ ಕೈಬಿಟ್ಟರು. ಎರಡು ಪಂದ್ಯದಲ್ಲಿ 3 ಮತ್ತು ಸೊನ್ನೆ. ಬೈ ಎಷ್ಟು ರನ್ ಬಿಟ್ಟ ಅಂತ ಬರೆದಿಟ್ಟವರೇ ಇಲ್ಲ. ನಾನು ಬೌಂಡರಿ ಹತ್ತಿರ ಕೂತು ಎಣಿಸಿದ್ದೆ, ಎರಡೂ ಸೇರಿ ನಾಲ್ಕು. ಅವತ್ತಿನಿಂದ ಭಾವ, ಗ್ಲೌಸ್ ಅಟ್ಟಕ್ಕೆ ಹಾಕು, ಬ್ಯಾಟ್ ಹಿಡಿ ಅಂತ ಹುಡುಗನಿಗೆ. ಹುಡುಗ ಮಾತಾಡುವುದಿಲ್ಲ. ಸಲಾಸ್ ಮೇಲಿನ ಸಿಟ್ಟೆಲ್ಲ ಅದೇ.

ನಿನ್ನೆ ಇಲ್ಲಿ ಬಂದ ಉತ್ತರಗಳನ್ನು ಸುಲಿಯುವ ಹೊತ್ತಿನಲ್ಲಿ ಜೋರಾಗಿ ಓದಿದೆ. ಕಾಲು ನೋಡುವ ವಿಷಯ ಬಂದಾಗ ಭಾವ ಮೆಟ್ಟುಗತ್ತಿ ಮೇಲಿಂದ ಕೈ ತೆಗೆದ. ಬುಟ್ಟಿಯಿಂದ ಒಂದು ಹಸಿ ಅಡಿಕೆ ತೆಗೆದು, ಹೇಳದೆ ಕೇಳದೆ, ಜಗಲಿಯ ನೆಲಕ್ಕೆ ಪುಟಿಯುವ ಹಾಗೆ ಮಗನ ಕಡೆ ಎಸೆದ. ಹುಡುಗ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಕೂತಲ್ಲಿಂದಲೇ ಅಡಿಕೆಯ ಜೊತೆಗೇ ಎದ್ದು ಎಡಗೈಯಲ್ಲಿ ಹಿಡಿದ. ಇನ್ನೊಂದು ಎಸೆದ. ಅದನ್ನೂ. ಏಳನೆಯದು ಅಡಿಕೆ ಬೇಯಿಸಿದ ತೊಗರಿನ ಪಾತ್ರೆಗೆ ಬಿದ್ದು ಅಕ್ಕ ಒಳಗಿಂದ ಕೂಗಿದ ಮೇಲೆ ನಿಂತಿತು.

ಭಾವ ಸೋತೆ ಅಂತೇನೂ ಅಂದಿಲ್ಲ. ಒಂದು ಡಬ್ಬಿ ಜೋನಿಬೆಲ್ಲದ ಪಂಥ ಕಟ್ಟಿದ್ದಾನೆ. ಬಾಲ್ಡ್‌ವಿನ್ ದೊಡ್ಡ ಲೀಗ್‌ನ ಮೊದಲ ಪಂದ್ಯ ಆಡಿದ್ದು 24 ತುಂಬುವ ಹಿಂದಿನ ದಿನ. ಸಲಾಸ್‌ಗೂ ಅಷ್ಟೇ ಗಡುವು, 24 ತುಂಬುವುದರೊಳಗೆ ಪಾಡ್ರೆಸ್‌ಗೆ ಆಡಬೇಕು. ಲೆಕ್ಕ ಹಾಕಿದರೆ 2030ರ ಮೇ ತಿಂಗಳ ಕೊನೆ. ಅಡಿಕೆ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಹುಡುಗ ಸಾಕ್ಷಿ.