ಕರೆಂಟ್ ಬೇಡಿಕೆಯ ಮಾಡೆಲ್‌ನಲ್ಲಿ ಉಳಿತಾಯದ ಖರ್ಚು ಎಲ್ಲಿ ಸೇರಿಸಬೇಕು?

ಯಲಹಂಕ ವಿದ್ಯಾರ್ಥಿ:
ಎಂ.ಟೆಕ್ ಪ್ರಾಜೆಕ್ಟ್‌ಗೆ ಕರ್ನಾಟಕದ ವಿದ್ಯುತ್ ಬೇಡಿಕೆಯ ಮಾಡೆಲ್ ಮಾಡುತ್ತಿದ್ದೇನೆ. ಹಿಂದಿನ ವರ್ಷಗಳ ಬಳಕೆ ನೋಡಿ ಗೆರೆ ಮುಂದಕ್ಕೆ ಎಳೆದಿದ್ದೇನೆ. ಪೂರೈಕೆ ಕಡೆ ಸ್ಥಾವರಗಳ ಖರ್ಚೂ ಹಾಕಿದ್ದಾಯಿತು. ಆದರೆ ಎಲ್‌ಇಡಿ, ಒಳ್ಳೆ ಫ್ಯಾನ್, ಒಳ್ಳೆ ಪಂಪ್‌ಸೆಟ್‌ನಿಂದ ಆಗುವ ಉಳಿತಾಯ ಎಲ್ಲಿ ಬರಬೇಕು? ಕೊನೆಗೆ ಸುಮ್ನೆ ಶೇ. 10 ಕಳೆಯೋದು ಸರಿ ಅನ್ನಿಸುತ್ತಿಲ್ಲ.

ನಿವೃತ್ತ ಇಂಜಿನಿಯರ್, ಬಸವನಗುಡಿ:
ಆ ಶೇ. 10 ಬೇಡವೇ ಬೇಡ. ಗೆರೆ ಎಳೆಯೋ ಮಾಡೆಲ್‌ಗೆ ಎಷ್ಟು ಯೂನಿಟ್ ಅಂತ ಗೊತ್ತು, ಯಾವ ಕೆಲಸಕ್ಕೆ ಅಂತ ಗೊತ್ತಿಲ್ಲ. ಜನರಿಗೆ ಬೇಕಾಗಿರೋದು ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಲೆಕ್ಕ ಅಲ್ಲಿಂದ ಶುರು ಮಾಡಿ. ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೇ (ಐಐಎಸ್‌ಸಿ) ವಿಜ್ಞಾನಿ ಅಮೂಲ್ಯ ರೆಡ್ಡಿ ಮತ್ತು ಅವರ ಜೊತೆಗಾರರು ಇದನ್ನು ಮಾಡಿ ತೋರಿಸಿದರು. ಈ ವಿಧಾನಕ್ಕೆ ಅವರಿಟ್ಟ ಹೆಸರು 'ಡಿಫೆಂಡಸ್', 1991ರಲ್ಲಿ ಬಂದ ಅದರ ಲೇಖನ ಹುಡುಕಿ ಓದಿ. 2000ನೇ ಇಸವಿಗೆ ಸರ್ಕಾರಿ ಸಮಿತಿ ಹೇಳಿದ್ದ ಬೇಡಿಕೆಯ ಅರ್ಧಕ್ಕಿಂತ ಕಡಿಮೆಯಲ್ಲೇ ರಾಜ್ಯದ ಎಲ್ಲ ಮನೆಗೂ ಕರೆಂಟ್ ಕೊಡಬಹುದು ಅನ್ನೋ ಲೆಕ್ಕ ಅದರಲ್ಲಿದೆ.

ಇನ್ನು ಖರ್ಚು. ಹಳೇ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ಸಾಕಾಗುವ ಹೊಸ ಬಗೆಯ ಮೋಟರ್‌ನದ್ದು) ಸುಮಾರು 30. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ತಿರುಗಿದರೆ 135 ಯೂನಿಟ್ ಉಳಿಯುತ್ತದೆ. ಬೆಲೆ 1500 ರೂಪಾಯಿ ಜಾಸ್ತಿ, ಬಾಳಿಕೆ 10 ವರ್ಷ, ಬಡ್ಡಿ ಶೇ. 10 ಅಂತಿಟ್ಟುಕೊಳ್ಳಿ. ವರ್ಷದ ಕಂತು 244 ರೂಪಾಯಿ ಬರುತ್ತದೆ. ಅಂದರೆ ಉಳಿಸಿದ ಯೂನಿಟ್‌ಗೆ ಸುಮಾರು 1 ರೂಪಾಯಿ 80 ಪೈಸೆ. ಈ ಫ್ಯಾನನ್ನೂ ಒಂದು ಸ್ಥಾವರ ಅಂತಲೇ ತಿಳಿದು ಪಟ್ಟಿಯಲ್ಲಿ ರಾಯಚೂರಿನ ಕಲ್ಲಿದ್ದಲು ಸ್ಥಾವರ, ಪಾವಗಡದ ಸೋಲಾರ್ ಪಾರ್ಕ್‌ನ ಪಕ್ಕದಲ್ಲಿ ಬರೆದುಕೊಳ್ಳಿ. ಅಗ್ಗದ್ದು ಮೊದಲು. ಮನೆಯಲ್ಲೇ ಉಳಿದ ಯೂನಿಟ್‌ಗೆ ಲೈನ್ ನಷ್ಟ ಇಲ್ಲ, ಅದನ್ನು ಮರೆಯಬೇಡಿ.

ಗಿರಿನಗರ:
ವರ್ಷದ ಮೊತ್ತ ಮಾತ್ರ ನೋಡಿದರೆ ಸಾಲದು, ಅಲ್ವಾ? ಬೆಂಗಳೂರಿನ ಗೀಸರ್‌ಗಳು ಆನ್ ಆಗೋದು ಬೆಳಿಗ್ಗೆ 6ರ ಸುಮಾರಿಗೆ. ಆಗ ಪಾವಗಡದಲ್ಲಿ ಬಿಸಿಲೇ ಇರುವುದಿಲ್ಲ. ಛಾವಣಿಯ ಸೋಲಾರ್ ಹೀಟರ್ ಹಿಂದಿನ ದಿನದ ಬಿಸಿನೀರನ್ನೇ ಟ್ಯಾಂಕಿನಲ್ಲಿ ಇಟ್ಟುಕೊಂಡಿರುತ್ತದೆ. ಅದು ಇಳಿಸೋದು ಆ ಹೊತ್ತಿನ ಲೋಡನ್ನೇ. ಗಂಟೆಗಂಟೆಯ ಲೆಕ್ಕ ಹಾಕಿ.

ಯಲಹಂಕ ವಿದ್ಯಾರ್ಥಿ:
ತುಂಬಾ ಥ್ಯಾಂಕ್ಸ್ ಸರ್. ಪಂಪ್‌ಸೆಟ್‌ಗೆ ಮೀಟರೇ ಇಲ್ಲದ ಕಡೆ ಏನು ಮಾಡಲಿ?

ನಿವೃತ್ತ ಇಂಜಿನಿಯರ್, ಬಸವನಗುಡಿ:
ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್) ಬೇರೆ ಮಾಡಿರುವ ಕಡೆ ಫೀಡರ್ ರೀಡಿಂಗ್ ತೆಗೆದುಕೊಳ್ಳಿ. ಇಲ್ಲಿ ಇನ್ನೊಂದು ವಿಷಯ ಇದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಹಾಗಾಗಿ ಒಳ್ಳೆ ಪಂಪ್ ಕೊಂಡರೂ ರೈತರ ಬಿಲ್‌ನಲ್ಲಿ ಏನೂ ಉಳಿಯಲ್ಲ, ಉಳಿಯೋದು ಸರ್ಕಾರದ ಸಬ್ಸಿಡಿ ಹಣ. ಖರ್ಚನ್ನು ಎರಡು ಕಾಲಂನಲ್ಲಿ ಬರೆಯಿರಿ, ಒಂದು ರೈತರದ್ದು, ಒಂದು ರಾಜ್ಯದ್ದು. ಪಂಪ್ ಬದಲಿಸೋ ಖರ್ಚು ಯಾರು ಕೊಡಬೇಕು ಅಂತ ಆಗ ಕಾಣುತ್ತದೆ.