ಪದ ಬೇಕು, ತುರ್ತು: ‘ಬ್ಯಾಕ್ ಫ್ಲಾಶ್‌ಓವರ್’ಗೆ ಕನ್ನಡದಲ್ಲಿ ಏನನ್ನೋಣ?

ಹುಬ್ಬಳ್ಳಿಯ ಅನುವಾದಕಿ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಸಂಜೆ ಐದಕ್ಕೆ ಪ್ರೆಸ್ಸಿಗೆ ಪುಟ ಕೊಡಬೇಕು. ಒಂದೇ ಒಂದು ಪದಕ್ಕೆ ಗಾಡಿ ನಿಂತಿದೆ.

ನಮ್ಮ ಕಡೆಯ ಲೈನ್ ಕೆಲಸದ ಹುಡುಗರು ಲಡಾಖಿಗೆ ಹೊರಟಿದ್ದಾರೆ, ಅವರಿಗೊಂದು ಕೈಪಿಡಿ. ಎತ್ತರದ ಜಾಗದಲ್ಲಿ ಹೈ ವೋಲ್ಟೇಜ್ ಲೈನಿಗೆ ಸಿಡಿಲು ಬಡಿದರೆ ಏನಾಗುತ್ತದೆ, ಅದನ್ನು ಮೊದಲೇ ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ಹೇಗೆ ಲೆಕ್ಕ ಹಾಕುತ್ತಾರೆ ಅನ್ನುವುದು ಮೂರನೇ ಅಧ್ಯಾಯ. ನನಗಿಂತ ಮೊದಲು ಯಾರೋ ಯಂತ್ರಕ್ಕೆ ಹಾಕಿ ತೆಗೆದಿದ್ದರು. ‘ಲೈಟ್ನಿಂಗ್ ಪರ್ಫಾರ್ಮೆನ್ಸ್’ ಹೋಗಿ ‘ಮಿಂಚಿನ ಪ್ರದರ್ಶನ’ ಆಗಿತ್ತು, ಟಿಕೆಟ್ ತಗೊಂಡು ನೋಡೋ ಹಾಗೆ. ಅದನ್ನು ‘ಸಿಡಿಲು ತಾಳಿಕೆ’ ಮಾಡಿದೆ. ಅದರ ಬಗ್ಗೆ ಜಗಳ ಬೇಡ, ಪ್ಲೀಸ್.

ಉಳಿದದ್ದು ಬ್ಯಾಕ್ ಫ್ಲಾಶ್‌ಓವರ್. ಇದರಲ್ಲಿ ಸಿಡಿಲು ಕರೆಂಟಿನ ತಂತಿಗೆ ಬೀಳುವುದಿಲ್ಲ. ಟವರಿಗೆ ಬೀಳುತ್ತದೆ, ಇಲ್ಲವೇ ಅದರ ನೆತ್ತಿಯ ಅರ್ಥ್ ವೈರಿಗೆ. ಅಲ್ಲಿಂದ ಸುಮ್ನೆ ನೆಲಕ್ಕಿಳಿದು ಹೋಗಬೇಕು. ಇಳಿಯುವ ದಾರಿ ಚೆನ್ನಾಗಿಲ್ಲದಿದ್ದರೆ ಟವರಿನ ವೋಲ್ಟೇಜೇ ಏರಿ, ತಂತಿಯನ್ನು ಟವರಿಗೆ ತಾಕದಂತೆ ತೂಗುಹಾಕುವ ಡಿಸ್ಕುಗಳನ್ನು ದಾಟಿ ಟವರಿನಿಂದ ತಂತಿಗೆ ಕಿಡಿ ಹಾರುತ್ತದೆ. ‘ಹಿಮ್ಮುಖ ಸ್ಫುರಣ’ ಅಂತ ಬರೆದೆ. ಓದಿದರೆ ಯೋಗಾಸನದ ಹೆಸರಿನ ಹಾಗಿದೆ.

ಧಾರವಾಡದ ನಿವೃತ್ತ ಮೇಷ್ಟ್ರು, 10:05

ಹಿನ್ + ಕಿಡಿ = ಹಿಂಗಿಡಿ. ಹಿಂಗಾರು, ಹಿಂಗಾಲು ಇದ್ದ ಹಾಗೆ. ಮುಗಿಯಿತು.

ಗದಗ, 10:31

ಮೇಷ್ಟ್ರು ಮುಗಿಯಿತು ಅಂದರೆ ಮುಗಿಯುವುದಿಲ್ಲ ಅಂತ ಈ ಬಳಗದಲ್ಲಿ ಎಲ್ಲರಿಗೂ ಗೊತ್ತು.

‘ಕಿಡಿ’ ಅಂದರೆ ಒಲೆಯಿಂದ ಹಾರುವುದು, ಬೀಡಿಯಿಂದ ಉದುರುವುದು. ಸಿಡಿಲಿನ ಮಾತಾಡುವಾಗ ಅಷ್ಟು ಸಣ್ಣ ಪದ ಯಾಕೆ? ತೆಲುಗಿನಲ್ಲಿ ಸಿಡಿಲಿಗೆ ‘ಪಿಡುಗು’ ಅನ್ನುತ್ತಾರೆ. ನಮ್ಮಲ್ಲೂ ಪಿಡುಗು ಇದೆ. ಅರ್ಥ ಮಾತ್ರ ಕೆಟ್ಟು ರೋಗರುಜಿನ, ಕಾಟ ಆಗಿದೆ. ಮೂಲದಲ್ಲಿ ಅದು ಆಕಾಶದಿಂದ ಬೀಳುವುದೇ. ‘ಮರುಪಿಡುಗು’ ಮಾಡಿ. ಹಳೆಯ ಪದಕ್ಕೆ ಮರುಜೀವವೂ ಬರುತ್ತದೆ.

ಧಾರವಾಡ, 10:38

ಕನ್ನಡದ್ದೇ ಆಗಿದ್ದರೆ ಮೊದಲಿನ ಪಕಾರ ಹಕಾರ ಆಗಬೇಕಿತ್ತು. ‘ಹಿಡುಗು’ ಎಲ್ಲಿದೆ ತೋರಿಸಿ. ಪಕಾರ ಉಳಿದಿದೆ ಅಂದರೆ ಆಮೇಲೆ ಬಂದ ಪದ. ಸಿಡಿಲು ನಮ್ಮ ‘ಸಿಡಿ’ಯಿಂದಲೇ ಬಂದಿರುವಾಗ ನೆರೆಮನೆಯಿಂದ ಪಿಡುಗು ತರುವ ದರ್ದು ಏನು?

ಹುಬ್ಬಳ್ಳಿ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರು, 11:20

ಪಿಡುಗು ಪಕ್ಕಕ್ಕಿರಲಿ. ‘ಮರು’ ಹಾಕಬೇಡಿ ಮೇಡಂ. ಮರು ಅಂದರೆ ಮತ್ತೆ. ಒಂದೇ ಮಿಂಚಿನಲ್ಲಿ ಅದೇ ದಾರಿ ಹಿಡಿದು ಎರಡನೇ, ಮೂರನೇ ಸಲ ಹೊಡೆತ ಬರುವುದುಂಟು. ಮರು ಅನ್ನುವುದನ್ನು ಅದಕ್ಕೆ ಇಟ್ಟುಕೊಳ್ಳಬೇಕಾಗುತ್ತದೆ. ಇಲ್ಲಿ ಬೇಕಿರುವುದು ದಿಕ್ಕು.

ಕಿಡಿ ಸಣ್ಣದಾಯಿತು ಅನ್ನುವವರು ಒಂದು ಗುಣಾಕಾರ ಮಾಡಿ ನೋಡಿ. ಸಾಧಾರಣ ಸಿಡಿಲಿನ ಮೊದಲ ಹೊಡೆತ ಅಂದರೆ ಸುಮಾರು 30 ಕಿಲೋ ಆಂಪಿಯರ್. ಟವರಿನ ಬುಡದ ರೆಸಿಸ್ಟೆನ್ಸ್ 10 ಓಮ್ ಇದ್ದರೆ 300 ಕಿಲೋವೋಲ್ಟ್. ಬಂಡೆಯ ಮೇಲೆ ನಿಂತ ಟವರಿಗೆ 50 ಓಮ್ ಬಂತು ಅನ್ನಿ, 1,500 ಆಯಿತು. ಅರ್ಥ್ ವೈರ್ ಪಕ್ಕದ ಟವರುಗಳಿಗೂ ಒಂದಿಷ್ಟು ಹಂಚುತ್ತದೆ, ಅದನ್ನು ಸದ್ಯ ಬಿಟ್ಟಿದ್ದೇನೆ. 220 ಕೆವಿ ಸಾಮಾನುಗಳು ತಾಳಬೇಕಾದ ಸಿಡಿಲು ವೋಲ್ಟೇಜ್ ಸಾಮಾನ್ಯವಾಗಿ 1,050. ಮಾದರಿ ಕಟ್ಟುವಾಗ ಬುಡದ ಈ ಒಂದು ಸಂಖ್ಯೆ ಬದಲಾಯಿಸಿದರೆ ಸಾಕು, 100 ಕಿಲೋಮೀಟರಿಗೆ ವರ್ಷಕ್ಕೆ ಎಷ್ಟು ಸಲ ಲೈನ್ ಟ್ರಿಪ್ ಆಗುತ್ತದೆ ಅನ್ನುವ ಉತ್ತರವೇ ಬದಲಾಗುತ್ತದೆ.

ಎತ್ತರದ ಕಥೆ ಇದರ ಮೇಲೆ. ಧಾರವಾಡ ಸುಮಾರು 750 ಮೀಟರ್. 1,000 ಮೀಟರಿನವರೆಗೆ ಬೇರೆ ಲೆಕ್ಕವೇ ಬೇಡ, ಹಾಗಾಗಿ ನಮಗೆ ಇದರ ಬಿಸಿ ತಟ್ಟಿಲ್ಲ. ಶ್ರೀನಗರದಿಂದ ಲೇಹ್‌ಗೆ ಹೋಗುವ 220 ಕೆವಿ ಲೈನು ಜೋಜಿ ಲಾ ದಾಟುತ್ತದೆ, ಅಲ್ಲಿ 3,500 ಮೀಟರ್. ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು. ಗಾಳಿ ತೆಳುವಾದಷ್ಟೂ ಕಿಡಿಗೆ ಹಾರುವುದು ಸಲೀಸು. ಇಲ್ಲಿನ ಲೆಕ್ಕಕ್ಕಿಂತ ಮೂರನೇ ಒಂದು ಪಾಲು ಜಾಸ್ತಿಯೇ ತಾಳಿಕೆ ಬೇಕು, ಅಂದರೆ ಡಿಸ್ಕುಗಳ ಸರ ಉದ್ದ ಆಗಬೇಕು. ಬುಡದಲ್ಲಿ ಬಂಡೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ. ಎರಡೂ ಕಡೆಯಿಂದ ಪೆಟ್ಟು.

ಪದ ನನಗೂ ಹೊಳೆದಿಲ್ಲ. ಪಾಠದಲ್ಲಿ ಬ್ಯಾಕ್ ಫ್ಲಾಶ್ ಅಂತಲೇ ಅನ್ನುತ್ತೇನೆ.

ಗದಗ, 11:27

ಅಷ್ಟುದ್ದ ಬರೆದು ಕಡೆಗೆ ಇಂಗ್ಲಿಷ್ ಪದ! ನಿಮ್ಮಂಥವರಿಂದಲೇ ಕನ್ನಡ ಈ ಸ್ಥಿತಿಗೆ ಬಂದಿದ್ದು.

ಹಾವೇರಿಯ ನಿವೃತ್ತ ಲೈನ್‌ಮನ್, 12:15

ನಮಸ್ಕಾರ. ನನಗೆ ವ್ಯಾಕರಣ ಅಷ್ಟಕ್ಕಷ್ಟೇ, ಮಗಳು ಈ ಬಳಗಕ್ಕೆ ಸೇರಿಸಿದ್ದಾಳೆ. ಮೇಷ್ಟ್ರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ‘ಹಿಂಗಿಡಿ’ ಮಾತ್ರ ಬೇಡ ಅಕ್ಕಾರೆ. ನಮ್ಮ ಹುಡುಗರು ಅದನ್ನು ‘ಹಿಂಗ ಇಡಿ’ ಅಂತ ಓದುತ್ತಾರೆ. ‘ಹಿಂಗಿಡಿ ಆಗದಂತೆ ಎಚ್ಚರ ವಹಿಸಿ’ ಅಂತ ನೀವು ಬರೆದರೆ, ಏನನ್ನ ಹೆಂಗ ಇಡಬೇಕ್ರೀ ಸರ ಅಂತ ಫೋನ್ ಮಾಡುತ್ತಾರೆ. ಲೇಹ್‌ನಿಂದ ಮಾಡುತ್ತಾರೆ, ಅದೂ ಟವರ್ ಮೇಲೆ ನಿಂತು.

ನನ್ನ ಪಡಸಾಲೆಯಲ್ಲಿ ಹಳೇ 110 ಕೆವಿ ಲೈನಿನ ಒಂದು ಡಿಸ್ಕ್ ಇದೆ. ಕಂದು ಪಿಂಗಾಣಿ, ಹತ್ತಿಂಚು ಅಗಲ. ಅಂಚಿನಲ್ಲಿ ಮೆರುಗು ಸುಟ್ಟು ಬೆರಳಗಲ ಬೆಳ್ಳಗಾಗಿದೆ. ಮೇಲಿನ ಕಬ್ಬಿಣದ ಟೊಪ್ಪಿಗೆಯಲ್ಲಿ ಜೋಳದ ಕಾಳಿನಷ್ಟು ಕರಗಿದ ಗುರುತು. ಒಂದು ರೋಹಿಣಿ ಮಳೆಯಲ್ಲಿ ಆದದ್ದು. ಸಿಡಿಲು ನೇರ ತಂತಿಗೆ ಬಿತ್ತೋ, ಟವರಿಗೆ ಬಿದ್ದು ಹಾರಿತೋ ಕಲೆ ನೋಡಿದರೆ ಗೊತ್ತಾಗುವುದಿಲ್ಲ. ಬುಡದ ಅರ್ಥಿಂಗ್ ಅಳೆಯಲು ಹೋದರೆ ಪಟ್ಟಿಯನ್ನೇ ಯಾರೋ ಕತ್ತರಿಸಿ ಗುಜರಿಗೆ ಹಾಕಿದ್ದರು. ಆಗ ನಮ್ಮ ಹಿರಿಯ ಮೇಸ್ತ್ರಿ ಅಂದದ್ದು ಇಷ್ಟೇ: “ಟವರಿಗೆ ಬಿದ್ದೈತಿ, ಇಳಿಯಾಕ ಜಾಗ ಸಿಕ್ಕಿಲ್ಲ, ಉಲ್ಟಾ ಹೊಡದೈತಿ.” ನಾವು ಅಂದಿನಿಂದ ಉಲ್ಟಾ ಕಿಡಿ ಅಂತಲೇ ಅನ್ನುತ್ತಿದ್ದೆವು.

ಗದಗ, 12:22

ಉಲ್ಟಾ! ಹಿಂದಿ ಹೇರಿಕೆ ಈಗ ಟವರ್ ಹತ್ತಿದೆ.

ಧಾರವಾಡ, 12:40

ಲೈನ್‌ಮನ್ನರ ಆಕ್ಷೇಪ ಒಪ್ಪಿದೆ. ಹಿಂಗಿಡಿ ವಾಪಸ್. ಆದರೆ ಉಲ್ಟಾಕ್ಕೆ ನನ್ನ ಸಹಿ ಇಲ್ಲ. ತಿರುಗುಗಿಡಿ ಅನ್ನಿ.

ಹುಬ್ಬಳ್ಳಿ, ಎಂಜಿನಿಯರಿಂಗ್ ಕಾಲೇಜು, 1:10

ಗದಗಿನ ಸರ್, ಹೋದ ತಿಂಗಳು ‘ಕರೆಂಟ್’ ಬೇಡ, ‘ವಿದ್ಯುತ್’ ಅನ್ನಿ ಅಂತ ಪಾಠ ಹೇಳಿದವರು ನೀವೇ ಅಲ್ವಾ? ಸಂಸ್ಕೃತದಲ್ಲಿ ವಿದ್ಯುತ್ ಅಂದರೆ ಮಿಂಚು. ‘ವಿದ್ಯುತ್ ತಂತಿಗೆ ಮಿಂಚು ಬಡಿಯಿತು’ ಅಂದರೆ ಮಿಂಚಿನ ತಂತಿಗೆ ಮಿಂಚೇ ಬಡಿದ ಹಾಗಾಯಿತು. ಆ ಸಾಲ ಸಾಲವಲ್ಲ, ಉಲ್ಟಾ ಮಾತ್ರ ಸಾಲವಾ? ಹುಬ್ಬಳ್ಳಿ ದುರ್ಗದ ಬೈಲಿನಲ್ಲಿ ನಿಂತು ‘ಅಂಗಿ ಉಲ್ಟಾ ಹಾಕ್ಕೊಂಡೀರಿ’ ಅಂದರೆ ಅರ್ಥವಾಗದವರು ಒಬ್ಬರನ್ನು ತೋರಿಸಿ.

ಗದಗ, 1:18

ಅದಕ್ಕೇ ವಿದ್ಯುತ್ತೂ ಬೇಡ ಅನ್ನುತ್ತೇನೆ ಈಗ. ತಮಿಳರು ‘ಮಿನ್’ ಇಟ್ಟುಕೊಂಡು ಮಿನ್‌ಸಾರಂ ಮಾಡಿಕೊಳ್ಳಲಿಲ್ಲವೇ? ಮಿಂಚಂಚೆ ಮಾಡಿದವರಿಗೆ ಮಿಂತಂತಿ ಮಾಡಲು ಏನು ಕಷ್ಟ?

ಧಾರವಾಡ, 1:21

‘ಸಾರಂ’ ಸಂಸ್ಕೃತ. ‘ತಂತಿ’ ತಂತ್ರಿಯ ತದ್ಭವ. ಮುಂದೆ?

ಹುಬ್ಬಳ್ಳಿಯ ಅನುವಾದಕಿ, 4:35

ಪುಟ ಕಳಿಸಿದೆ. ಮೊದಲ ಸಲ ಬಂದಲ್ಲಿ ‘ಟವರಿನಿಂದ ತಂತಿಗೆ ಹಾರುವ ಉಲ್ಟಾ ಕಿಡಿ’, ಆಮೇಲೆಲ್ಲ ಬರೀ ‘ಉಲ್ಟಾ ಕಿಡಿ’. ತಿರುಗುಗಿಡಿ ಚೆನ್ನಾಗಿದೆ ಮೇಷ್ಟ್ರೇ, ಆದರೆ ಎರಡು ಸಲ ಬೇಗ ಹೇಳಿ ನೋಡಿದೆ, ನಾಲಿಗೆ ತೊಡರಿತು. ಹಾವೇರಿ ಅಣ್ಣಾವರಿಗೆ ತುಂಬಾ ಥ್ಯಾಂಕ್ಸ್. ಡಿಸ್ಕಿನ ಫೋಟೊ ಇದ್ದರೆ ಎರಡನೇ ಮುದ್ರಣಕ್ಕೆ ಬೇಕು.

ಹುಬ್ಬಳ್ಳಿ, ಎಂಜಿನಿಯರಿಂಗ್ ಕಾಲೇಜು, 4:41

ಮೇಡಂ, ಸಿಡಿಲಿನ ಲೆಕ್ಕಕ್ಕೆ ವರ್ಷದ ‘ಥಂಡರ್ ಡೇ’ ಅಂತ ಬರುತ್ತಲ್ಲ, ಅದಕ್ಕೆ ಏನು ಹಾಕಿದಿರಿ? ‘ಮಿಂಚುದಿನ’ ಅಲ್ಲ ತಾನೇ? ಆ ದಿನ ಗುಡುಗು ಕಿವಿಗೆ ಕೇಳಿತೋ ಇಲ್ಲವೋ ಅನ್ನುವುದರ ಮೇಲೆ ಎಣಿಸುತ್ತಾರೆ. ದೂರದಲ್ಲಿ ಬರೀ ಮಿಂಚಿದ್ದು ಕಂಡರೆ ಲೆಕ್ಕಕ್ಕಿಲ್ಲ. ಗುಡುಗುದಿನ ಆಗಬೇಕು.

ಹುಬ್ಬಳ್ಳಿಯ ಅನುವಾದಕಿ, 4:43

ಅಯ್ಯೋ. ಮಿಂಚುದಿನ ಅಂತ ಆರು ಕಡೆ ಇದೆ. ಪ್ರೆಸ್ಸಿಗೆ ಫೋನ್ ಮಾಡ್ತಿದ್ದೀನಿ.