ಎಂಟು ತಿಂಗಳ ಮಗುವಿಗೆ ಎರಡು ಹಲ್ಲು, ನೀವೆಲ್ಲ ಏನು ಮಾಡಿದ್ರಿ?

ಮಗಳಿಗೆ ಕೆಳಗಡೆ ಎರಡು ಹಲ್ಲು ಬಂದಿವೆ, ಈಗ ಮೇಲಿನ ವಸಡು ಊದಿಕೊಂಡಿದೆ. ಜೊಲ್ಲು ನಿಲ್ಲೋದೇ ಇಲ್ಲ, ಸಿಕ್ಕಿದ್ದೆಲ್ಲ ಬಾಯಿಗೆ. ಅತ್ತೆ ಜೇನುತುಪ್ಪ ಸವರು ಅಂತಾರೆ, ಪಕ್ಕದ ಮನೆಯವರು ವಸಡಿಗೆ ಹಚ್ಚೋ ಜೆಲ್ ತನ್ನಿ ಅಂತಾರೆ. ಅನುಭವ ಇದ್ದವರು ಹೇಳಿ.

ಇಬ್ಬರು ಮಕ್ಕಳ ತಾಯಿ, ಹಾಸನ:
ಒಂದು ವರ್ಷ ತುಂಬೋವರೆಗೆ ಜೇನು ಬೇಡವೇ ಬೇಡ. ಅದರಲ್ಲಿ ಬಾಟ್ಯುಲಿಸಂ ಅನ್ನೋ ಗಂಭೀರ ಕಾಯಿಲೆ ತರುವ ಬ್ಯಾಕ್ಟೀರಿಯಾ ಇರಬಹುದು, ಎಳೆ ಕರುಳು ತಡೆಯಲ್ಲ. ಅತ್ತೆಗೆ "ಡಾಕ್ಟರ್ ಬೇಡ ಅಂದ್ರು" ಅನ್ನಿ, ಮಾತು ಅಲ್ಲಿಗೇ ಮುಗಿಯುತ್ತೆ. ನಾನು ಹಳೆ ಪಂಚೆ ತುಂಡನ್ನು ಚೆನ್ನಾಗಿ ಒಗೆದು, ಒದ್ದೆ ಮಾಡಿ ಫ್ರಿಜ್‌ನಲ್ಲಿ ಇಡ್ತಿದ್ದೆ. ಫ್ರೀಜರ್‌ನಲ್ಲಿ ಅಲ್ಲ, ಕಲ್ಲಿನಂತಾದರೆ ವಸಡಿಗೆ ನೋವು. ತಣ್ಣಗಾದ ಬಟ್ಟೆಯನ್ನು ಬೆರಳಿಗೆ ಸುತ್ತಿ ಮೆಲ್ಲಗೆ ಉಜ್ಜಿದರೆ ಮಗ ಬೆರಳು ಸಮೇತ ಕಚ್ಚಿ ಹಿಡಿದು ಸುಮ್ಮನಾಗುತ್ತಿದ್ದ. ಕ್ಯಾರೆಟ್ ತುಂಡು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಮಕ್ಕಳ ಹಲ್ಲಿನ ಕ್ಲಿನಿಕ್‌ನಲ್ಲಿ ಕೆಲಸ ಮಾಡುವವಳು, ಮೈಸೂರು:
ಬೆಂಜೋಕೇನ್ (ಮರಗಟ್ಟಿಸೋ ಔಷಧಿ) ಇರುವ ಜೆಲ್ ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ. ಅಪರೂಪಕ್ಕೆ ರಕ್ತ ಆಮ್ಲಜನಕ ಒಯ್ಯೋದೇ ಕಡಿಮೆಯಾಗುತ್ತೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಇದರ ಬಗ್ಗೆ ಗಟ್ಟಿಯಾಗೇ ಎಚ್ಚರಿಸಿದೆ.
ನಾನು ಜಾಸ್ತಿ ನೋಡೋದು ಮಾತ್ರ ಬೇರೆ ತೊಂದರೆ. ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಹಲ್ಲಿನ ಮೇಲೇ ನಿಲ್ಲುತ್ತೆ. ಆಗಾಗ ಮೇಲ್ದುಟಿ ಎತ್ತಿ ನೋಡಿ. ವಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡರೆ ಹುಳುಕಿನ ಶುರು, ತಕ್ಷಣ ತೋರಿಸಿ. "ಹಾಲು ಹಲ್ಲು ತಾನೇ, ಬಿದ್ದುಹೋಗುತ್ತೆ" ಅಂತ ಬಿಡಬೇಡಿ. ಒಟ್ಟು 20 ಹಾಲು ಹಲ್ಲುಗಳಲ್ಲಿ ದವಡೆಯವು 10-12 ವರ್ಷದವರೆಗೂ ಇರಬೇಕು. ಬೆಲ್ಲದ ರಾಗಿ ಸರಿ ತಿನ್ನಿಸಿದ ಮೇಲೂ ಹಲ್ಲು ಒರೆಸಿ. ಫ್ಲೋರೈಡ್ ಪೇಸ್ಟ್ ಅಕ್ಕಿಕಾಳಿನಷ್ಟು, ಮೆತ್ತನೆ ಬ್ರಷ್‌ನಲ್ಲಿ ದಿನಕ್ಕೆರಡು ಸಲ. ರಾತ್ರಿಯದು ತಪ್ಪಿಸಬೇಡಿ. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ಡೆಂಟಿಸ್ಟ್‌ಗೆ ತೋರಿಸಿಬಿಡಿ.

ಒಬ್ಬ ಅಪ್ಪ, ದಾವಣಗೆರೆ:
ಜ್ವರ 100.4 ದಾಟಿದರೆ ಹಲ್ಲಿನ ಮೇಲೆ ಹಾಕಬೇಡಿ. ನಮ್ಮ ಮಗುವಿಗೂ ಹಲ್ಲು ಬರ್ತಿದೆ ಅಂತಲೇ ಎಲ್ಲರೂ ಅಂದರು, ತೋರಿಸಿದರೆ ಕಿವಿ ಸೋಂಕು. ಭೇದಿಯೂ ಅಷ್ಟೇ.

ಅಜ್ಜಿ, ಶಿರಸಿ:
ಕೆಳಗಿಂದೇ ಮೊದಲು ಬಂತಲ್ಲ, ಸೋದರಮಾವ ಬಚಾವ್! ನನ್ನ ಮೊಮ್ಮಗನಿಗೆ ಮೇಲಿನದು ಮೊದಲು ಬಂದು, ಮಾವನಿಗೆ ಕೆಡುಕು ಅಂತ ಮನೆಯಲ್ಲಿ ದೊಡ್ಡ ಗಲಾಟೆ. ಮಾವ ಈಗಲೂ ಗಟ್ಟಿಮುಟ್ಟಾಗೇ ಇದ್ದಾನೆ.